ಹಿರಿಯರ ಜೇಬಿನ ಸೀಸೆ

ಮಕ್ಕಳೊಡನೆ ಕುಳಿತು ನೋಡತಕ್ಕ ಮೂಕಚಿತ್ರ ಯಾವುದೆಂದು ಕೇಳಿದವರಿಗೆ ನಾವು ಚಾರ್ಲಿ ಚಾಪ್ಲಿನ್ನನ 'ದಿ ಪಿಲ್‌ಗ್ರಿಮ್' ಎಂಬ ನಾಲ್ಕು ರೀಲುಗಳ ಪ್ರಹಸನವನ್ನು ಹೆಸರಿಸುತ್ತೇವೆ. ಅದು 1923ರಲ್ಲಿ ಹೊರಬಂದುದು. ಸೆರೆಮನೆಯಿಂದ ಓಡಿಬಂದ ಕಳ್ಳನು ಪಾದ್ರಿಯ ವೇಷ ತೊಡುವುದು, ದೇವಸಭೆಯ ಹಿರಿಯನೊಬ್ಬನು ಮದ್ಯದ ಸೀಸೆಯನ್ನು ಹೊತ್ತು ತಿರುಗುವುದು, ಇವನ್ನು ಎಳೆಯರಿಗೆ ತೋರಿಸಬಹುದೇ ಎಂದು ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಬಿಡಲು ನಮಗೆ ಮನಸ್ಸಿಲ್ಲ.

ಕಥೆ ಸರಳವಾದುದು. ಸ್ನಾನಕ್ಕಿಳಿದ ಪಾದ್ರಿಯೊಬ್ಬನ ಉಡುಪನ್ನು ಕದ್ದುಟ್ಟ ಕಳ್ಳನು ರೈಲಿನಲ್ಲಿ ಟೆಕ್ಸಾಸಿನ ಡೆವಿಲ್ಸ್ ಗಲ್ಚ್ ಎಂಬ ಸಣ್ಣ ಊರಿಗೆ ಬಂದಿಳಿಯುತ್ತಾನೆ. ಹೊಸ ಪಾದ್ರಿಗಾಗಿ ಕಾದಿದ್ದ ಜನರು ಅವನನ್ನೇ ಆದರದಿಂದ ಕರೆದೊಯ್ಯುತ್ತಾರೆ. ದೇವಾಲಯದಲ್ಲಿ ಸಾಲಾಗಿ ಕುಳಿತ ಗಾಯಕರನ್ನು ಕಂಡರೆ ಅವನ ಕಣ್ಣಿಗೆ ನ್ಯಾಯಸ್ಥಾನದ ಪಂಚರು! ಕಾಣಿಕೆಯ ಪೆಟ್ಟಿಗೆಗಳನ್ನು ಕೈಯಲ್ಲಿ ತೂಗಿ, ಹೆಚ್ಚು ಕೊಟ್ಟ ಕಡೆಯವರನ್ನು ಮೆಚ್ಚಿ, ಕಡಮೆ ಕೊಟ್ಟವರನ್ನು ನೋಟದಿಂದಲೇ ಗದರಿಸುತ್ತಾನೆ. ಬಳಿಕ ಉಪದೇಶ. ದಾವೀದನೂ ಗೊಲಿಯಾತನೂ ಕಾದಾಡಿದ ಕಥೆಯನ್ನು ಒಂದು ಮಾತೂ ಬೇಕಿಲ್ಲದಂತೆ ಅಭಿನಯಿಸಿಬಿಡುತ್ತಾನೆ. ಸಭೆ ಬೆರಗಾಗಿ ಕುಳಿತಿರುವಾಗ ಒಬ್ಬ ಹುಡುಗನು ಮಾತ್ರ ಚಪ್ಪಾಳೆ ತಟ್ಟುತ್ತಾನೆ. ಪಾದ್ರಿ ನಾಟಕದ ನಟನಂತೆ ಮರಳಿ ಮರಳಿ ಬಂದು ನಮಸ್ಕರಿಸುತ್ತಾನೆ. ಇಷ್ಟು ನಕ್ಕದ್ದು ನಮಗೆ ಬೇರೆ ನೆನಪಿಲ್ಲ.

ಸೀಸೆಯ ಪ್ರಸಂಗ ಬೀದಿಯಲ್ಲಿ ನಡೆಯುತ್ತದೆ. ಮ್ಯಾಕ್ ಸ್ವೇನ್ ಎಂಬ ಸ್ಥೂಲಕಾಯದ ನಟನು ಹಿರಿಯನಾಗಿ ಗಂಭೀರವಾಗಿ ಹೆಜ್ಜೆಯಿಡುತ್ತಾನೆ. ಹಿಂಬದಿಯ ಜೇಬಿನಲ್ಲಿ ಸೀಸೆ. ಜೊತೆಯವನ ಕಣ್ಣು ಅದರ ಮೇಲೆಯೇ. ಇಬ್ಬರೂ ಜಾರಿಬಿದ್ದು ಸೀಸೆ ಒಡೆಯುತ್ತದೆ. ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರಿನವರೆಗೆ ಪಾನನಿರೋಧವು ರಾಜ್ಯಾಂಗದ ವಿಧಿಯಾಗಿದ್ದಿತು. ಮದ್ಯವನ್ನು ತಯಾರಿಸುವುದು, ಮಾರುವುದು, ಸಾಗಿಸುವುದು ನಿಷಿದ್ಧ. ಕುಡಿಯುವುದನ್ನು ಆ ವಿಧಿ ಹೆಸರಿಸಲೇ ಇಲ್ಲ. ಆ ಸಂದಿನಲ್ಲಿಯೇ ಹಿರಿಯನ ಜೇಬು ಇದ್ದಿತೆನ್ನಬೇಕು.

ಆದರೆ ಆ ವಿಧಿಯ ಹಿಂದೆ ಕಪಟಿಗಳು ಮಾತ್ರ ಇದ್ದರೆಂದು ತಿಳಿಯುವುದು ಅನ್ಯಾಯ. ಗಂಡನ ಕೂಲಿ ಮನೆಗೆ ಬರುವ ಮುನ್ನ ಮದ್ಯದಂಗಡಿಗೆ ಸೇರುವುದನ್ನು ಕಂಡ ಹೆಂಗಸರು 1874ರಲ್ಲಿ ಕ್ರೈಸ್ತ ಮಹಿಳೆಯರ ಪಾನನಿರೋಧ ಸಂಘವನ್ನು ಕಟ್ಟಿದರು. ಮಕ್ಕಳಿಗೆ ಚಿತ್ರ ತೋರಿಸುವಾಗ ಇದನ್ನೂ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಧರ್ಮಗುರುಗಳನ್ನು ಹಾಸ್ಯಕ್ಕೀಡುಮಾಡಿತೆಂದು ಪೆನ್ಸಿಲ್ವೇನಿಯಾದ ಚಿತ್ರಪರೀಕ್ಷಕರು ಇದನ್ನು ತಡೆದರು. ಅವರು ಚಿತ್ರವನ್ನು ಸರಿಯಾಗಿ ನೋಡಲಿಲ್ಲವೆಂದು ತೋರುತ್ತದೆ: ಊರಿನ ತಾಯಿಯನ್ನೂ ಮಗಳನ್ನೂ ಅದು ಎಲ್ಲಿಯೂ ನಗೆಗೀಡುಮಾಡದು, ಅವರ ಹಣವನ್ನು ಮತ್ತೊಬ್ಬ ಕಳ್ಳನು ಒಯ್ದಾಗ ತಂದೊಪ್ಪಿಸುವವನು ಈ ಸುಳ್ಳು ಪಾದ್ರಿಯೇ.

ಕುಡುಕನ ನಟನೆಯಿಂದಲೇ ಹೆಸರು ಗಳಿಸಿದ ಚಾಪ್ಲಿನ್ನನಿಗೆ ಕುಡಿತವು ವಿನೋದದ ವಸ್ತು ಮಾತ್ರವಾಗಿರಲಿಲ್ಲ. ಅವನ ತಂದೆ ಲಂಡನ್ನಿನ ಸಂಗೀತಶಾಲೆಗಳಲ್ಲಿ ಹೆಸರಾದ ಗಾಯಕ. ಕುಡಿತದಿಂದ ದೇಹ ಕೆಟ್ಟು 1901ರಲ್ಲಿ ತೀರಿಕೊಂಡಾಗ ಮಗನಿಗೆ ಹನ್ನೆರಡು ವರ್ಷ. ಇದನ್ನು ಹೇಳಿದ ಮೇಲೆ ನಮ್ಮ ಮನೆಯ ಹುಡುಗರು ಸೀಸೆ ಒಡೆಯುವ ಭಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. ಆಗಲೂ ನಕ್ಕರು, ಆದರೆ ಹಿರಿಯವನು, ಆ ಮಗ ತಂದೆಯನ್ನು ನೋಡಲು ಹೋಗುತ್ತಿದ್ದನೇ ಎಂದು ನಡುವೆ ಕೇಳಿದನು.