ಮುಂದೆ ಹೋದವರು

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ತಿರುವಿದೆ. ಅಲ್ಲಿಗೆ ಬಂದರೆ ಸಾಕು, ನನ್ನ ಶೂ ಲೇಸು ಬಿಚ್ಚಿಹೋಗುತ್ತದೆ. ಸೈಕಲ್ ಇಳಿದು, ಬಗ್ಗಿ, ಸಾವಕಾಶವಾಗಿ ಅದನ್ನು ಕಟ್ಟಿ, ಕೆಳಗೆ ಹರಡಿರುವ ಮೈಸೂರನ್ನು ಈಗಷ್ಟೇ ಬಸ್ಸಿಳಿದು ಬಂದವನಂತೆ ನೋಡುತ್ತ ನಿಲ್ಲುತ್ತೇನೆ. ಏದುಸಿರು ತಗ್ಗುವವರೆಗೆ ನನ್ನಂಥ ಸೌಂದರ್ಯೋಪಾಸಕ ಈ ಊರಲ್ಲಿ ಇನ್ನೊಬ್ಬನಿಲ್ಲ.

ಒಂದು ಬೆಳಗ್ಗೆ ಹೀಗೇ ನಿಂತಿದ್ದಾಗ ಅಜ್ಜರೊಬ್ಬರು ಹಳೇ ಅಟ್ಲಾಸ್ ಸೈಕಲ್ ತಳ್ಳಿಕೊಂಡು ಬಂದರು. ಕ್ಯಾರಿಯರ್ ಮೇಲೆ ಹೂವಿನ ಬುಟ್ಟಿ, ಅದರ ಮೇಲೆ ಒದ್ದೆ ಗೋಣಿ.

“ಯಾಕ್ ಸಾರ್, ಪಂಚರ್ರಾ?”

ಹ್ಞೂ ಅಂದುಬಿಟ್ಟೆ. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದು, ನನ್ನ ಎರಡು ಟೈರನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿದರು.

“ಗಾಳಿ ಕಲ್ಲಿದ್ದಂಗದೆ. ಪಂಚರಾಗಿರೋದು ನೀವೇಯ. ತಳ್ಕಂಡ್ ಬನ್ನಿ ಸಾರ್, ತಳ್ಕಂಡ್ ಬಂದ್ರೆ ತಾಯಿ ಏನ್ ಬ್ಯಾಡ ಅನ್ನಕಿಲ್ಲ.”

ಇಪ್ಪತ್ತನಾಲ್ಕು ಗೇರಿನ ಸೈಕಲ್ಲಿನವನನ್ನು ಕಾಲ್ನಡಿಗೆಯಲ್ಲೇ ಹಿಂದೆ ಹಾಕಿ ಅವರು ತಿರುವಿನಲ್ಲಿ ಮರೆಯಾದರು. ನಾನು ಸೈಕಲ್ ಬಿಡದೆ ಉಳಿದದ್ದು ಆ ದಿನದಿಂದ. ಬೆಟ್ಟವೆಂದರೆ ತುಳಿದೇ ಗೆಲ್ಲಬೇಕು ಎಂಬ ಹಟದಲ್ಲಿ ಅದಕ್ಕೆ ಮೊದಲು ಎರಡು ಸಲ ಸೈಕಲ್ ಮಾರಲು ಹೊರಟಿದ್ದೆ. ಅಂದಹಾಗೆ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಅಜ್ಜರ ಗಾಡಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಸ್ಫೂರ್ತಿ ಅಂದಾಗ ದೊಡ್ಡವರ ಹೆಸರು ಹೇಳುವುದು ವಾಡಿಕೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದದ್ದು ಓದಿ ಎದೆಯುಬ್ಬುತ್ತದೆ. ಆದರೆ ಎದೆಗೆ ಬಂದದ್ದು ಕಾಲಿಗೆ ಇಳಿಯುವುದಿಲ್ಲ. ದೊಡ್ಡವರಲ್ಲಿ ನನಗೆ ಆಪ್ತನೆನಿಸಿದವನು ಒಬ್ಬನೇ, ಫ್ರಾನ್ಸಿನ ರೋಬೆರ್ ಮಾರ್ಷಾಂ. 1911ರಲ್ಲಿ ಹುಟ್ಟಿದ ಕುಳ್ಳ ಮನುಷ್ಯ. ಅರವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹಿಡಿದ. 2017ರ ಜನವರಿಯಲ್ಲಿ, ತನ್ನ 105ನೇ ವಯಸ್ಸಿನಲ್ಲಿ, ಪ್ಯಾರಿಸ್ ಬಳಿಯ ವೆಲೊಡ್ರೋಮಿನಲ್ಲಿ ಒಂದು ಗಂಟೆಗೆ 22.547 ಕಿಲೋಮೀಟರ್ ತುಳಿದ. ನನಗೆ ಇಷ್ಟವಾದದ್ದು ದಾಖಲೆಯಲ್ಲ, ಆಮೇಲಿನ ಗೊಣಗಾಟ. ಇನ್ನು ಹತ್ತೇ ನಿಮಿಷ ಅಂತ ತೋರಿಸಿದ ಫಲಕ ಕಣ್ಣಿಗೆ ಬೀಳಲಿಲ್ಲ, ಬಿದ್ದಿದ್ದರೆ ಇನ್ನೂ ಜೋರಾಗಿ ಹೋಗುತ್ತಿದ್ದೆ ಅಂದನಂತೆ. ನೂರೈದರಲ್ಲಿ ಆತನಿಗಿದ್ದ ಕೊರಗು ಅದು. ನನಗೆ ಐವತ್ಮೂರಕ್ಕೇ ಶೂ ಲೇಸು ಬೇಕು.

ನನ್ನನ್ನು ಸರಿಯಾಗಿ ಚುಚ್ಚಿದವರು ನಂಜನಗೂಡು ರಸ್ತೆ ಪಕ್ಕದ ಹಳ್ಳಿಯ ಇಬ್ಬರು ಹುಡುಗಿಯರು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006–07ರಲ್ಲಿ ಕೊಡಲು ಶುರುಮಾಡಿತಲ್ಲ, ಅಂಥ ಉಚಿತ ಸೈಕಲ್ಲು. ಗೇರಿಲ್ಲ, ಚೈನ್ ಕವರು ಲೊಡಲೊಡ ಅನ್ನುತ್ತಿತ್ತು. ಎದುರುಗಾಳಿ ಬೇರೆ. ಹಿಂದೆ ಕೂತವಳು ಪುಸ್ತಕ ಬಿಚ್ಚಿಕೊಂಡು “ಎ ಪ್ಲಸ್ ಬಿ ಹೋಲ್ ಸ್ಕ್ವೇರ್?” ಅಂದಳು. ತುಳಿಯುತ್ತಿದ್ದವಳು ಉತ್ತರವನ್ನು ತಡವರಿಸದೆ ಪೂರ್ತಿ ಒಪ್ಪಿಸಿ, ಬೆಲ್ ಹೊಡೆದು, “ಸೈಡು ಅಂಕಲ್” ಅಂತ ಮುಂದೆ ಹೋದಳು. ನನಗಾಗ ನನ್ನ ಹೆಸರು ಕೇಳಿದ್ದರೂ ಹೇಳುವಷ್ಟು ಉಸಿರಿರಲಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಅದೇ ರಸ್ತೆಗೆ ಹೋದೆ. ಅವರನ್ನು ಹಿಂದಿಕ್ಕಲಿಕ್ಕಂತೂ ಅಲ್ಲ. ಅಲ್ಲವೇ ಅಲ್ಲ ಅಂತ ಹೇಳಲಾರೆ. ಅಂದು ಅವರು ಬರಲಿಲ್ಲ. ಆಮೇಲೆ ನೆನಪಾಯಿತು, ಭಾನುವಾರ.

ನಮ್ಮನೆಯಾಕೆಯದು ಬೇರೆ ದಾರಿ. “ಚಳಿ ಇದೆ, ಇವತ್ತೊಂದಿನ ಮಲ್ಕೊಳ್ಳಿ ಪರವಾಗಿಲ್ಲ” ಅನ್ನುತ್ತಾಳೆ. ಆ ಮಾತಿನಲ್ಲಿರುವ ಕರುಣೆಗೇ ನಾನು ಎದ್ದು ಗಾಳಿ ಹೊಡೆಯಲು ಕೂರುತ್ತೇನೆ.

ಹೋದ ತಿಂಗಳು ಲೇಸಿಲ್ಲದ ಶೂ ಕೊಂಡೆ. ಈಗ ಆ ತಿರುವಿನಲ್ಲಿ ಚೈನು ಕಳಚಿದಂತೆ ಅನ್ನಿಸುತ್ತದೆ. ಆದರೆ ಅಜ್ಜರು ಬಂದರೆ ಅದನ್ನೂ ಮುಟ್ಟಿ ನೋಡುತ್ತಾರೆ. ಅದಕ್ಕೇ ಹಿಂದೆ ಹೂವಿನ ಬುಟ್ಟಿ ಕಾಣುತ್ತದೆಯೇ ಎಂದು ತಿರುಗಿ ನೋಡಿ, ಇಳಿಯದೆ, ಇನ್ನೊಂದು ತಿರುವಿನವರೆಗೆ ತುಳಿಯುತ್ತೇನೆ.