ಲೆಕ್ಕದ ಮಂದಿ, ಭಾಗ 6: ಹನ್ನೊಂದು ವರ್ಷ ಹೆಸರಿಲ್ಲದ ಕೆಲಸ

1/5
ಈ ಎರಡು ಸಮೀಕರಣ ನೋಡಿ.
ಎಕ್ಸ್² + ವೈ² = 25
ಎಕ್ಸ್ − ವೈ = 1
ಹತ್ತನೇ ಕ್ಲಾಸಿನ ಆದೇಶ ವಿಧಾನ ಸಾಕು. ಎಕ್ಸ್ ಹೋಗಿ ವೈ² + ವೈ − 12 = 0 ಉಳಿಯತ್ತೆ. ವೈ ಅಂದ್ರೆ 3 ಅಥವಾ −4. ಮುಗೀತು. ಆದ್ರೆ ಹತ್ತು ಸಮೀಕರಣ, ಹತ್ತು ಅಜ್ಞಾತ, ಘಾತಗಳೂ ದೊಡ್ಡವು ಇದ್ರೆ? ಯಾವುದನ್ನ ಎಲ್ಲಿ ಆದೇಶಿಸ್ತೀರಾ?

2/5
ಇದಕ್ಕೊಂದು ದಾರಿ ತೋರಿಸಿದವರು ಬ್ರೂನೊ ಬುಕ್‌ಬರ್ಗರ್. 1942ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹುಟ್ಟಿದವರು. ಅಲ್ಲೇ, ವೋಲ್ಫ್‌ಗಾಂಗ್ ಗ್ರೋಬ್ನರ್ ಅನ್ನೋ ಮೇಷ್ಟ್ರ ಹತ್ರ 1965ರಲ್ಲಿ ಪಿಎಚ್‌ಡಿ ಮುಗಿಸಿದ್ರು. ಅವರ ವಿಧಾನ ಹೀಗೆ: ಎರಡು ಬಹುಪದೋಕ್ತಿ ತಗೊಳ್ಳಿ. ಮೊದಲ ಪದಗಳು ಒಂದೇ ಆಗೋ ಹಾಗೆ ಗುಣಿಸಿ, ಕಳೆಯಿರಿ. ಬಂದದ್ದನ್ನ ಪಟ್ಟಿಯಲ್ಲಿರೋ ಬಹುಪದೋಕ್ತಿಗಳಿಂದ ಭಾಗಿಸಿ. ಶೇಷ ಸೊನ್ನೆ ಆದ್ರೆ ಬಿಡಿ, ಇಲ್ಲಾಂದ್ರೆ ಅದನ್ನೂ ಪಟ್ಟಿಗೆ ಸೇರಿಸಿ. ಯಾವ ಜೋಡಿ ತಗೊಂಡ್ರೂ ಸೊನ್ನೆ ಬರೋವರೆಗೆ ಇದೇ ಕೆಲಸ. ಮೇಲಿನ ಎರಡರ ಮೇಲೆ ಮಾಡಿ ನೋಡಿ, ಅದೇ ವೈ² + ವೈ − 12 ಸಿಗತ್ತೆ. ಇದನ್ನ ಅವರು ಆಗಿನ ಝೂಸೆ ಝೆಡ್ 23 ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಕೂಡ ಮಾಡಿದ್ರು.

3/5
ಆಮೇಲೆ? ಹೆಚ್ಚು ಕಡಿಮೆ ಮೌನ. 1970ರಲ್ಲಿ ಜರ್ನಲ್‌ನಲ್ಲಿ ಪ್ರಕಟವಾಯ್ತು, ಓದಿದವರು ಕಡಿಮೆ. 1976ರಲ್ಲಿ ಅವರೇ ಆ ಕೊನೆಯ ಪಟ್ಟಿಗೆ ಹೆಸರಿಟ್ರು. ತಮ್ಮ ಹೆಸರಲ್ಲ, ಮೇಷ್ಟ್ರ ಹೆಸರು: ಗ್ರೋಬ್ನರ್ ಬೇಸಿಸ್. ಇವತ್ತು ಮ್ಯಾಪಲ್, ಮ್ಯಾಥಮ್ಯಾಟಿಕಾ, ಸೇಜ್ ಎಲ್ಲದರಲ್ಲೂ ಅದಿದೆ. ರೋಬೋಟ್ ಕೈ ಒಂದು ಜಾಗ ಮುಟ್ಟೋಕೆ ಯಾವ ಕೀಲು ಎಷ್ಟು ತಿರುಗಬೇಕು ಅನ್ನೋದನ್ನೂ ಇದರಿಂದ ಲೆಕ್ಕ ಹಾಕಬಹುದು. 1987ರಲ್ಲಿ ಅವರು ಲಿಂಟ್ಸ್ ಯೂನಿವರ್ಸಿಟಿಯಲ್ಲಿ ಇದೇ ವಿಷಯಕ್ಕೆ ರಿಸ್ಕ್ ಅನ್ನೋ ಸಂಸ್ಥೆ ಕಟ್ಟಿದ್ರು. 2007ರಲ್ಲಿ ಕನೆಲ್ಲಾಕಿಸ್ ಪ್ರಶಸ್ತಿ ಬಂತು. ಥಿಯರಿ ಪ್ರಾಕ್ಟಿಕಲ್ ಆಗಿ ಉಪಯೋಗಕ್ಕೆ ಬಂದಾಗ ಕೊಡೋ ಪ್ರಶಸ್ತಿ ಅದು. ಪಿಎಚ್‌ಡಿ ಆಗಿ 42 ವರ್ಷದ ಮೇಲೆ!

4/5
ನಾನು ಈ ತಿಂಗಳು ಎಂಎಸ್ಸಿ ಮ್ಯಾಥ್ಸ್‌ಗೆ ಅರ್ಜಿ ತುಂಬ್ತಿದ್ದೀನಿ. ನಮ್ಮ ಕ್ಲಾಸಿನ ಅರ್ಧ ಜನ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರಿದ್ದಾರೆ. ಅವರನ್ನ ಯಾವ ಬಾಯಲ್ಲಿ ಬೇಡ ಅನ್ನಲಿ, ಮನೆ ನಡೀಬೇಕಲ್ವಾ. ನಮ್ಮಪ್ಪನಿಗೆ ರಿಟೈರ್ ಆಗೋಕೆ ಮೂರು ವರ್ಷ ಇದೆ, ತಂಗಿ ಈಗ ಪಿಯುಸಿ. "ಇದರಿಂದ ಏನು ಪ್ರಯೋಜನ?" ಅಂತ ಅಪ್ಪ ಕೇಳಿದ್ರೆ ಅದು ಕುಹಕ ಅಲ್ಲ, ಲೆಕ್ಕ. ಸಂಜೆ ಟ್ಯೂಷನ್ ಮಾಡಿ ನನ್ನ ಖರ್ಚು ನಾನೇ ನೋಡ್ಕೋತೀನಿ, ಎರಡು ವರ್ಷ ಕೊಡಿ ಅಂತ ಕೇಳಿದೀನಿ. ಇನ್ನೂ ಹೂಂ ಅಂದಿಲ್ಲ.

5/5
ಬುಕ್‌ಬರ್ಗರ್ ವಿಧಾನದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಮಾತು. ಅದು ಒಂದಲ್ಲ ಒಂದು ಹಂತದಲ್ಲಿ ನಿಂತೇ ನಿಲ್ಲತ್ತೆ ಅನ್ನೋದಕ್ಕೆ ಸಾಧನೆ ಇದೆ. ಎಷ್ಟು ಹೊತ್ತಿಗೆ ಅಂತ ಮಾತ್ರ ಭರವಸೆ ಇಲ್ಲ. ಕೆಲವು ಲೆಕ್ಕದಲ್ಲಿ ಉತ್ತರಕ್ಕಿಂತ ಮುಂಚೆ ಕಂಪ್ಯೂಟರಿನ ಮೆಮೊರಿಯೇ ಮುಗಿದುಹೋಗತ್ತೆ. ನಮ್ಮ ಬದುಕಿಗೆ ಆ ಮೊದಲನೇ ಗ್ಯಾರಂಟಿಯೂ ಇಲ್ಲ, ಒಪ್ಪಿದೆ. 1965ರಲ್ಲಿ ಆ ಹುಡುಗನನ್ನ ಯಾರಾದ್ರೂ ಪ್ರಯೋಜನ ಕೇಳಿದ್ರೆ ರೋಬೋಟ್ ಕೈ ತೋರಿಸೋಕೆ ಆಗ್ತಿರಲಿಲ್ಲ. ಆದ್ರೆ ಕೈಯಲ್ಲಿ ಒಂದು ಒಳ್ಳೇ ಪ್ರಶ್ನೆ ಇತ್ತು, ಮುಂದಿನ ಹಂತ ಏನು ಅಂತ ಗೊತ್ತಿತ್ತು. ನನಗೆ ಈಗ ಅಷ್ಟು ಸಾಕು.

ನಿಮ್ಮ ಮನೇಲಿ ಈ ಮಾತು ಹೇಗೆ ನಡೀತಿದೆ? ಕೆಳಗೆ ಬರೀರಿ, ಎಲ್ಲಾ ಓದ್ತೀನಿ.

#ಲೆಕ್ಕದಮಂದಿ #ಬಹುಪದೋಕ್ತಿ #ಕನ್ನಡದಲ್ಲಿಗಣಿತ