ಮಡ್ಡಿಯ ಮೇಲೆ ನಮ್ಮ ವಿಮಾನ

ರಿಮೋಟಿನಿಂದ ಹಾರುವ ವಿಮಾನವನ್ನು ನಾವೇ ಕಟ್ಟುತ್ತೇವೆ ಅಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಕಿಟ್ ಎಲ್ಲಿ ಸಿಗತೈತ್ರಿ?" ಕಿಟ್ ಇಲ್ಲ ಸ್ವಾಮಿ. ಹಾಳೆ ಕತ್ತರಿಸಿ, ಅಂಟು ಹಚ್ಚಿ, ತೂಕ ನೋಡಿ, ಬುಡದಿಂದ ಕಟ್ಟಿದ್ದು. ಮೋಟಾರು, ಬ್ಯಾಟರಿ, ರಿಮೋಟಿನಂಥ ವಿದ್ಯುತ್ ಸಾಮಾನು ಮಾತ್ರ ಕೊಂಡು ತಂದದ್ದು. ನಾವು ಅಂದರೆ ಜತ್ತ ತಾಲ್ಲೂಕಿನ ಪೂರ್ವದ ಕಡೆಯ ಒಂದು ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಏಳನೇ ಇಯತ್ತೆಯ 9 ಮಕ್ಕಳು ಮತ್ತು ಅವರ ಮಾಸ್ತರು. (ಇಯತ್ತೆ ಅಂದರೆ ತರಗತಿ. ಪುಸ್ತಕ ಬಾಲಭಾರತಿಯವರು ಕನ್ನಡದಲ್ಲೇ ಕೊಡುತ್ತಾರೆ, ಆದರೂ ಬಾಯಲ್ಲಿ ಇಯತ್ತೆ ಉಳಿದುಬಿಟ್ಟಿದೆ.)

ಕೆಲಸಕ್ಕೆ ಎರಡೂ ಕಡೆಯಿಂದ ಗಡುವು ಇತ್ತು. ನಮ್ಮ ಕಡೆ ಆಷಾಢದಲ್ಲಿ ಬೀಸತೊಡಗಿದ ಗಾಳಿ ಶ್ರಾವಣ, ಭಾದ್ರಪದ ದಾಟಿದರೂ ಪೂರ್ತಿ ಇಳಿಯುವುದಿಲ್ಲ. ಪಕ್ಕದ ಕವಠೆ ಮಹಾಂಕಾಳ ತಾಲ್ಲೂಕಿನ ಢಾಲಗಾಂವ ಗುಡ್ಡದ ಮೇಲೆ ಸುಮ್ಮನೆ ಗಾಳಿಯಂತ್ರ ನೆಟ್ಟಿಲ್ಲ ನೋಡಿ. ಆ ಗಾಳಿಯಲ್ಲಿ ಮುಕ್ಕಾಲು ಕಿಲೋ ತೂಗದ ವಿಮಾನ ತರಗೆಲೆಗೆ ಸಮ. ಗಾಳಿ ಸತ್ತು ಬೆಳಗು ಶಾಂತವಾಗುವುದು ಸೀಗಿ ಹುಣ್ಣಿಮೆಯ ಹೊತ್ತಿಗೆ. ಅಲ್ಲಿಂದ 15 ದಿನಕ್ಕೆ ದೀಪಾವಳಿ. ದೀಪಾವಳಿ ಬಂತೆಂದರೆ ಕಬ್ಬು ಕಡಿಯುವ ಟೋಳಿಗಳು ಊರು ಬಿಡುತ್ತವೆ. ನಮ್ಮ 9 ಮಕ್ಕಳಲ್ಲಿ ಒಬ್ಬನ ಮನೆ ಕಬ್ಬಿಗೆ ಹೋಗುವ ಮನೆ. ರೆಕ್ಕೆ ಕಟ್ಟಿದವನೇ ಅವನು. ಹಾಗಾಗಿ ನಮಗಿದ್ದದ್ದು ಆ 15 ದಿನ.

ರೆಕ್ಕೆಯಿಂದಲೇ ಶುರು ಮಾಡೋಣ. 5 ಮಿ.ಮೀ. ದಪ್ಪದ ಫೋಮ್ ಹಾಳೆ, ಒಂದು ತುದಿಯಿಂದ ಇನ್ನೊಂದಕ್ಕೆ 120 ಸೆಂ.ಮೀ., ಅಗಲ 20 ಸೆಂ.ಮೀ. ಅದರ ಮೇಲೆ ಮುಂದಿನ ಅರ್ಧಕ್ಕೆ ಮಾತ್ರ ಇನ್ನೊಂದು ಹಾಳೆ ಅಂಟಿಸಿದರೆ ನಡುವೆ ಒಂದು ಮೆಟ್ಟಿಲು ಆಗುತ್ತದೆ. ಎರಡರ ಮಧ್ಯೆ ಬಿದಿರಿನ ಸೀಳು. ಈ ಮೆಟ್ಟಿಲು ರೆಕ್ಕೆ ನಮ್ಮ ತಲೆಯಿಂದ ಬಂದದ್ದಲ್ಲ. ಅಮೆರಿಕದ ಕ್ಲೈನ್ ಮತ್ತು ಫೋಗಲ್‌ಮನ್ ಅನ್ನುವ ಇಬ್ಬರು 1972ರಲ್ಲಿ ಪೇಟೆಂಟ್ ಪಡೆದದ್ದು, ಅದೂ ಕಾಗದದ ವಿಮಾನ ಮಡಿಸುತ್ತ ಹುಟ್ಟಿದ ವಿಚಾರ. ದೊಡ್ಡ ವಿಮಾನಕ್ಕೆ ಅದು ಉಪಯೋಗಕ್ಕೆ ಬರಲಿಲ್ಲ, ಆದರೆ ನಮ್ಮಂಥವರಿಗೆ ವರ. ಬ್ಲೇಡು ಮತ್ತು ಅಳತೆಪಟ್ಟಿ ಇದ್ದರೆ ಸಾಕು.

ರೆಕ್ಕೆ ಯಾಕೆ ಎತ್ತುತ್ತದೆ? ಮೇಲಿನ ಗಾಳಿ ಹೆಚ್ಚು ದೂರ ಹೋಗಬೇಕು, ಕೆಳಗಿನ ಗಾಳಿಯನ್ನು ಆಚೆ ತುದಿಯಲ್ಲಿ ಕೂಡಿಕೊಳ್ಳಲು ಓಡುತ್ತದೆ ಅಂತ ಬಹಳ ಕಡೆ ಬರೆದಿರುತ್ತಾರೆ. ಕೂಡಿಕೊಳ್ಳಲೇಬೇಕು ಅಂತ ಗಾಳಿಗೆ ಯಾರೂ ಹೇಳಿಲ್ಲ, ಕೂಡಿಕೊಳ್ಳುವುದೂ ಇಲ್ಲ. ರೆಕ್ಕೆ ತುಸು ಮೇಲ್ಮುಖವಾಗಿ ಸಾಗುತ್ತ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಓಡುವ ಗಾಡಿಯ ಕಿಟಕಿಯಿಂದ ಅಂಗೈ ಚಾಚಿ ತುಸು ಓರೆ ಮಾಡಿದವರಿಗೆಲ್ಲ ಇದು ಗೊತ್ತು. ಮಕ್ಕಳಿಗೂ ಹಾಗೇ ಹೇಳಿದೆವು.

ರೆಕ್ಕೆಯ ತುದಿಗಳು ನೆಟ್ಟಗಿರಬಾರದು, ಎರಡೂ ಕಡೆ ತುಸು ಮೇಲೆ ಎದ್ದಿರಬೇಕು. ಆಗ ವಿಮಾನ ಒಂದು ಬದಿಗೆ ವಾಲಿದರೂ ತಾನಾಗಿ ಸರಿಯಾಗುತ್ತದೆ. ಇಂಗ್ಲಿಷಿನಲ್ಲಿ ಡೈಹೆಡ್ರಲ್ ಅನ್ನುತ್ತಾರೆ. ಆ ಪದವನ್ನು ಒಂದು ದಿನ ಬೋರ್ಡಿನ ಮೇಲೆ ಬರೆದೆವು, ಮರುದಿನ ಅಳಿಸಿದೆವು. ಅಷ್ಟರಲ್ಲಿ ಹುಡುಗರು ಬೇರೆ ಹೆಸರು ಇಟ್ಟಾಗಿತ್ತು. "ಸರ್ರ, ಕೋಡು ಎಷ್ಟು ಎತ್ತಬೇಕ್ರಿ?" ಖಿಲಾರಿ ಎತ್ತುಗಳ ಸೀಮೆಯ ಮಕ್ಕಳು, ಇನ್ನೇನು ಅಂದಾರು? ಪ್ರತಿ ತುದಿಗೆ 7 ಸೆಂ.ಮೀ. ಕೋಡು ಎತ್ತಿದೆವು. ಬಾಲದ ಅಡ್ಡಹಾಳೆಯ ಹಿಂಭಾಗ ಮೇಲೆ ಕೆಳಗೆ ಆಡುವುದು 'ಏರುಪಟ್ಟಿ' ಆಯಿತು, ನಿಂತ ಹಾಳೆಯ ಹಿಂಭಾಗ 'ಚುಕ್ಕಾಣಿ'. ವೇಗ ಸಾಲದೆ ವಿಮಾನ ದಬಕ್ಕನೆ ಬೀಳುವುದಕ್ಕೆ 'ಗಾಳಿ ಬಿಡೂದು'. ಸರ್ವೋ ಮೋಟಾರು ಮಾತ್ರ ಸರ್ವೋ ಆಗಿಯೇ ಉಳಿಯಿತು, ಅದಕ್ಕೆ ಕನ್ನಡ ಹುಡುಕುವ ಹಟ ನಮಗೂ ಇರಲಿಲ್ಲ. ಸರ್ವೋದಿಂದ ಪಟ್ಟಿಗೆ ಎಳೆದ ತಂತಿ ಹಳೆಯ ಛತ್ರಿಯ ಕಡ್ಡಿ. ಹಿಂಜು ಅಂದರೆ ಪಾರದರ್ಶಕ ಟೇಪು.

ಈಗ ತೂಕದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿಮಾನ ಎಷ್ಟು ಚೆಂದ ಕಟ್ಟಿದರೂ ಅದರ ಗುರುತ್ವಕೇಂದ್ರ ಸರಿಯಾದ ಜಾಗದಲ್ಲಿ ಬೀಳದಿದ್ದರೆ ಅದು ಹಾರುವುದಿಲ್ಲ. ನಮ್ಮದರಂಥ ರೆಕ್ಕೆಗೆ ಆ ಜಾಗ ಮುಂದಿನ ಅಂಚಿನಿಂದ ಕಾಲು ಭಾಗಕ್ಕೂ ಸ್ವಲ್ಪ ಹಿಂದೆ, ಅಂದರೆ 20 ಸೆಂ.ಮೀ. ಅಗಲಕ್ಕೆ 5ರಿಂದ 6 ಸೆಂ.ಮೀ. ಅಲ್ಲಿ ಎರಡು ಬೆರಳ ಮೇಲೆ ಎತ್ತಿ ಹಿಡಿದರೆ ವಿಮಾನ ಮಟ್ಟಸವಾಗಿ ನಿಲ್ಲಬೇಕು. ಪುಸ್ತಕದಲ್ಲಿ ಗುರುತ್ವಕೇಂದ್ರದ ವ್ಯಾಖ್ಯೆ ಇದೆ, ಎಲ್ಲರಿಗೂ ಬಾಯಿಪಾಠ ಇದೆ. ಆದರೆ ಬಾಲ ಭಾರವಾದರೆ ಏನಾಗುತ್ತದೆ ಅಂತ ಕೇಳಿದರೆ ಕ್ಲಾಸು ಗಪ್‌ಚುಪ್.

ಉತ್ತರ ಕೊಟ್ಟವನು ಕಬ್ಬಿನ ಮನೆಯ ಹುಡುಗ. "ಗಾಡಿ ಹೇರಿದಂಗ ಐತ್ರಿ ಸರ್ರ. ಮುಂದ ವಜ್ಜಾ ಆತು ಅಂದ್ರ ಎತ್ತಿನ ಹೆಗಲಿಗೆ ಬೀಳತೈತಿ, ಆದ್ರೂ ಗಾಡಿ ನಡಿತೈತಿ. ಹಿಂದ ವಜ್ಜಾ ಆತಂದ್ರ ನೊಗಾನ ಮ್ಯಾಲ ಏಳತೈತಿ, ಎತ್ತಿಗೆ ಕುತಿಗಿ ಬಿಗಿತೈತಿ, ಗಾಡಿ ನಮ್ಮ ಮಾತ ಕೇಳೂದಿಲ್ಲ."

ವಿಮಾನ ಕಟ್ಟುವವರು ಹೇಳುವ ಮಾತು ಇದೇ. ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದ ವಿಮಾನ ಒಂದೇ ಸಲ ಹಾರುತ್ತದೆ. ಈ ಹುಡುಗನ ಹಾಜರಿ ಪುಸ್ತಕ ತೆಗೆದರೆ ಕಾರ್ತಿಕದಿಂದ ಮುಂದಕ್ಕೆ ಪ್ರತಿ ವರ್ಷ ಖಾಲಿ. ಗಣಿತದಲ್ಲಿ ಹಿಂದೆ, ಮರಾಠಿಯಲ್ಲಿ ಇನ್ನೂ ಹಿಂದೆ. ಗುರುತ್ವಕೇಂದ್ರವನ್ನು ಮಾತ್ರ ಅವನು ನಾಲ್ಕು ವರ್ಷದಿಂದ ಕಬ್ಬಿನ ಗಾಡಿಯಲ್ಲಿ ಹೇರುತ್ತಿದ್ದಾನೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಡುವ ಜಾಗ ಇಲ್ಲ. ಬ್ಯಾಟರಿ ಎಲ್ಲಿ ಕೂರಿಸಬೇಕು ಅನ್ನುವುದನ್ನು ಅವನಿಗೇ ಬಿಟ್ಟೆವು. ಒಟ್ಟು 710 ಗ್ರಾಮಿನಲ್ಲಿ 180 ಗ್ರಾಂ ಬ್ಯಾಟರಿಯದ್ದೇ, ಅದನ್ನು ಬೆರಳಗಲ ಜರುಗಿಸಿದರೂ ವಿಮಾನದ ಗುಣ ಬದಲಾಗುತ್ತದೆ.

ಬ್ಯಾಟರಿ ಅಂದ ಕೂಡಲೇ ನೆನಪಾಯಿತು. ಮೊದಲು ಬಂದದ್ದು ಪೊಟ್ಟಣ ಬಿಚ್ಚುವಾಗಲೇ ಉಬ್ಬಿಕೊಂಡಿತ್ತು. ಅಂಗಡಿಯವರು ಬದಲಿ ಕಳಿಸಲು 12 ದಿನ ತೆಗೆದುಕೊಂಡರು, ನಮಗೋ ಒಂದೊಂದು ದಿನವೂ ಲೆಕ್ಕದ್ದು. ಲಿಥಿಯಂ ಪಾಲಿಮರ್ ಬ್ಯಾಟರಿ ಉಬ್ಬಿದ್ದರೆ ಅದನ್ನು ಬಳಸಲೇಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಚೆನ್ನಾಗಿದ್ದದ್ದನ್ನೂ ನೆಲದ ಕಲ್ಲಿನ ಮೇಲೆ, ಪಕ್ಕದಲ್ಲಿ ಮರಳಿನ ಬುಟ್ಟಿ ಇಟ್ಟುಕೊಂಡು, ಒಬ್ಬರು ಎದುರಿಗೆ ಕೂತೇ ಚಾರ್ಜ್ ಮಾಡಬೇಕು. ಒಳಗೆ ಮೂರು ಕೋಶ, ತುಂಬಿದಾಗ ಒಂದೊಂದು 4.2 ವೋಲ್ಟ್. ಹಾರಿಸದೆ ಇಡುವಾಗ 3.8ಕ್ಕೆ ಇಳಿಸಿ ಇಡಬೇಕು. ಮೋಟಾರು ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತಿನದು, 10 ಇಂಚಿನ ಪಂಖ. ಅಡಿಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದಾಗ ಸುಮಾರು 800 ಗ್ರಾಂ ತಳ್ಳಿತು. ಪಂಖ ಹಾಕುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬಯಲಿನಲ್ಲೇ. ಕ್ಲಾಸಿನಲ್ಲಿ ಪಂಖ ಹಾಕಿ ಮೋಟಾರು ತಿರುಗಿಸುವವರ ಬೆರಳು ಎಣಿಸಿ ನೋಡಬೇಕಾಗುತ್ತದೆ. ರಿಮೋಟ್ ಸೇರಿ ಖರ್ಚು 9 ಸಾವಿರದ ಒಳಗೇ ಮುಗಿಯಿತು. ಅರ್ಧ ಮಾಸ್ತರರ ಕಿಸೆಯಿಂದ, ಉಳಿದರ್ಧ ಪುಣೆಯಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಗಳಿಂದ.

ನಡುವೆ ಒಂದು ತಮಾಷೆ. ಊರಿನ ಹಿರಿಯರೊಬ್ಬರು ಬಂದು, ಇದೆಲ್ಲ ನಮ್ಮ ಋಷಿಗಳು ವೈಮಾನಿಕ ಶಾಸ್ತ್ರದಲ್ಲಿ ಬರೆದಿಟ್ಟಿದ್ದಾರೆ, ನೀವೇನು ಹೊಸದು ಮಾಡುತ್ತೀರಿ ಅಂದರು. ಆ ಗ್ರಂಥವನ್ನು ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು, ಅದೂ ಕಳೆದ ಶತಮಾನದ ಮೊದಲ ಭಾಗದಲ್ಲಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದರ ಚಿತ್ರಗಳನ್ನು ಪರೀಕ್ಷಿಸಿ, ಇವು ಹಾರುವಂಥವಲ್ಲ ಅಂತ ಬರೆದರು. ನಾವು ವಾದಕ್ಕೆ ಹೋಗಲಿಲ್ಲ. ಮಕ್ಕಳಿಗೆ ಹೇಳಿದ್ದು ಬೇರೆ ಕಥೆ. 1871ರಲ್ಲಿ ಫ್ರಾನ್ಸಿನ ಪೆನೋ ಅನ್ನುವ 21 ವರ್ಷದ ತರುಣ ರಬ್ಬರ್ ತಿರುಚಿ ಬಿಟ್ಟ ಪುಟ್ಟ ವಿಮಾನ 11 ಸೆಕೆಂಡು ಹಾರಿತ್ತು. ಅವನದೇ ಮಾದರಿಯ ಒಂದು ಆಟಿಕೆಯನ್ನು ಅಪ್ಪ ತಂದುಕೊಟ್ಟದ್ದರಿಂದ ರೈಟ್ ಸಹೋದರರ ಹುಚ್ಚು ಶುರುವಾಯಿತು. 1903ರ ಡಿಸೆಂಬರ್ 17ರಂದು ಅವರ ಮೊದಲ ಹಾರಾಟ 12 ಸೆಕೆಂಡು. "ಬರೇ 12?" ಅಂದರು ಹುಡುಗರು. ಅವರಿಗೆ ಧೈರ್ಯ ಬಂದದ್ದು ಅಲ್ಲೇ.

ಹಾರಿಸುವವರು ಯಾರು? ಒಂದು ತಿಂಗಳು ಎಲ್ಲರೂ ಶಾಲೆಯ ಹಳೆಯ ಲ್ಯಾಪ್‌ಟಾಪಿಗೆ ರಿಮೋಟ್ ಸಿಕ್ಕಿಸಿ ಪರದೆಯ ಮೇಲೆ ಕಲಿತರು. ಕಷ್ಟ ಏನೆಂದರೆ ವಿಮಾನ ನಮ್ಮ ಕಡೆಗೆ ಮುಖ ಮಾಡಿ ಬರುವಾಗ ಅದರ ಎಡ ನಮ್ಮ ಬಲ. ದೊಡ್ಡವರ ಕೈ ಅಲ್ಲೇ ತಪ್ಪುತ್ತದೆ. "ಕನ್ನಡಿ ಮುಂದ ಬೈತಲಿ ತಗದಂಗ ಅಲ್ಲೇನ್ರಿ" ಅಂದಳು ಒಬ್ಬಳು, ಆಮೇಲೆ ಒಂದು ಸಲವೂ ಬೀಳಿಸಲಿಲ್ಲ. ಆಯಿತು, ಪೈಲಟ್ ಅವಳೇ. ಎಸೆಯುವ ಕೆಲಸ ರೆಕ್ಕೆ ಕಟ್ಟಿದವನಿಗೆ. ಎಸೆಯುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಗಾಳಿಗೆ ಎದುರಾಗಿ, ಮಟ್ಟಸವಾಗಿ, ಓಡುತ್ತ ಬಿಡಬೇಕು. ಆಕಾಶಕ್ಕೆ ಕಲ್ಲು ಬೀರಿದ ಹಾಗೆ ಬೀರಿದರೆ ಗಾಳಿ ಬಿಟ್ಟು ಬೀಳುತ್ತದೆ. ನಮ್ಮ ವಿಮಾನಕ್ಕೆ ಗಂಟೆಗೆ ಸುಮಾರು 25 ಕಿ.ಮೀ. ವೇಗವಾದರೂ ಬೇಕು, ಜೋರಾಗಿ ತುಳಿದ ಸೈಕಲ್ಲಿನಷ್ಟು.

2021ರ ಡ್ರೋನ್ ನಿಯಮಗಳು ಇಂಥ ವಿಮಾನಕ್ಕೂ ಅನ್ವಯಿಸುತ್ತವೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಮ್ಮ ಮಡ್ಡಿ ಹಸಿರು ವಲಯ ಅಂತ ನೋಡಿಕೊಂಡೆವು. ಅಲ್ಲಿ ಮಿತಿ 120 ಮೀಟರ್ ಎತ್ತರ, ವಿಮಾನ ಕಣ್ಣಿಗೆ ಕಾಣುತ್ತಲೇ ಇರಬೇಕು.

ದೀಪಾವಳಿಗೆ ನಾಲ್ಕು ದಿನ ಇರುವಾಗ, ಒಂದು ಬೆಳಗ್ಗೆ ಆರೂವರೆಗೆ, ಸಜ್ಜೆ ಕೊಯ್ದ ಹೊಲದ ಪಕ್ಕದ ಮಡ್ಡಿಗೆ ಹೋದೆವು. ಊರಿನ ಅರ್ಧ ಜನ ಅಲ್ಲೇ ಇದ್ದರು. ಹುಡುಗ ಓಡಿ ಬಿಟ್ಟ. ಏರಿತು, ಎರಡಾಳೆತ್ತರ, ಮೂರಾಳೆತ್ತರ. ಆಗ ಒಡ್ಡಿನ ಆಚೆಯಿಂದ ಒಂದು ಗಾಳಿ ಬಂದು ಎಡರೆಕ್ಕೆಯನ್ನು ಎತ್ತಿತು, ಬಲಕ್ಕೆ ಹೊರಳಿ ಬಂದು ಕೂಳೆಯಲ್ಲಿ ಮೂಗು ಊರಿತು. 9 ಸೆಕೆಂಡು. ಯಾರೂ ಮಾತಾಡಲಿಲ್ಲ. ರೆಕ್ಕೆಯನ್ನು ಅಂಟಿಸದೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದೇ ಇದಕ್ಕೆ. ಬಿದ್ದಾಗ ಅದು ಮುರಿಯದೆ ಕಳಚಿಕೊಳ್ಳುತ್ತದೆ. ಮುರಿದದ್ದು ಪಂಖ ಒಂದೇ, ಚೀಲದಲ್ಲಿ ಇನ್ನೆರಡು ಇದ್ದವು.

ಎರಡನೇ ಸಲ ಹುಡುಗ ಎಸೆಯುವ ಮೊದಲು ಹಿಡಿ ಮಣ್ಣು ತೂರಿ ಗಾಳಿ ನೋಡಿದ, ರಾಶಿ ಮಾಡುವವರು ನೋಡುವ ಹಾಗೆ. ಸ್ವಲ್ಪ ತಡೆದ. ಮತ್ತೆ ತೂರಿದ. ಬಿಟ್ಟ. ಈ ಸಲ ಹುಡುಗಿ ಎದುರುಗಾಳಿಯಲ್ಲೇ ನೇರ ಏರಿಸಿ ಮೇಲೆ ಹೋದಮೇಲೆ ತಿರುಗಿಸಿದಳು. ಒಂದು ಸುತ್ತು. ಎರಡು. ಹೊಲದ ಮೇಲೆ, ಬೇವಿನ ಮರದ ಮೇಲೆ, ನಮ್ಮ ತಲೆಯ ಮೇಲೆ. ಬಿಳಿ ಹಾಳೆಯ ಮೇಲೆ ಬಿಸಿಲು ಬಿದ್ದಾಗ ಮಿಂಚುತ್ತಿತ್ತು. 2 ನಿಮಿಷ 40 ಸೆಕೆಂಡು ಆದಮೇಲೆ ಮೋಟಾರು ನಿಲ್ಲಿಸಿ ಮಡ್ಡಿಯ ಹುಲ್ಲಿನ ಮೇಲೆ ಹೊಟ್ಟೆ ಉಜ್ಜಿಸಿ ಇಳಿಸಿದಳು. ಅಂದು ಐದು ಸಲ ಹಾರಿತು.

ಹುಡುಗನ ಅಪ್ಪನೂ ಬಂದಿದ್ದರು. ಬಹಳ ಹೊತ್ತು ನೋಡಿ, "ಎಷ್ಟು ವಜ್ಜಾ ಹೊರತೈತ್ರಿ ಇದು?" ಅಂದರು. ತಾನು ಬಿಟ್ಟು ಇನ್ನೊಂದು 100 ಗ್ರಾಂ ಹೊತ್ತೀತು ಅಂದೆವು. ನಕ್ಕರು. ಅದೇ ಹೊತ್ತಿಗೆ ನಾವು ಕೇಳಬೇಕಾದ್ದನ್ನೂ ಕೇಳಿದೆವು. ಕಬ್ಬಿಗೆ ಹೋಗುವ ಮನೆಗಳ ಮಕ್ಕಳಿಗಾಗಿ ಹಂಗಾಮಿ ವಸತಿಗೃಹದ ಯೋಜನೆ ಇದೆ, ಹುಡುಗನನ್ನು ಬಿಟ್ಟು ಹೋಗಬಹುದು. ಅವರು ಕೆಳಗೆ ನೋಡುತ್ತ ಹೇಳಿದರು. "ಮುಕಾದಮನ ರೊಕ್ಕ ತಿಂದೀವ್ರಿ. ನಾವಿಬ್ರೂ ಒಂದ ಕೊಯ್ತಾ. ಕಡಿಯವ್ರು ನಾವಾದ್ರ ಎತ್ತು ನೋಡವ್ರು ಯಾರ್ರಿ?" ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಲೆಕ್ಕ ಅದು. ಮಗ ಆ ಲೆಕ್ಕದಲ್ಲಿ ಬರುವುದಿಲ್ಲ, ಆದರೆ ಅವನಿಲ್ಲದೆ ಲೆಕ್ಕ ಕೂಡುವುದಿಲ್ಲ. ಇನ್ನೂ ಎರಡು ಸಲ ಮನೆಗೆ ಹೋದೆವು. ಪಾಡ್ಯದ ಮರುದಿನ ಟೋಳಿ ಹೊರಟಿತು.

ಉಳಿದ ಎಂಟು ಮಕ್ಕಳು ಎರಡನೆಯ ವಿಮಾನಕ್ಕೆ ಕೈ ಹಾಕಿದ್ದಾರೆ. ಇದರ ರೆಕ್ಕೆಯಲ್ಲೇ ಪಟ್ಟಿಗಳಿರುತ್ತವೆ, ಕೋಡು ಕಡಿಮೆ. ರೆಕ್ಕೆ ಕತ್ತರಿಸಲು ದ್ರಾಕ್ಷಿ ಬಾಕ್ಸಿನ ರಟ್ಟಿನಲ್ಲಿ ಅವನೇ ಮಾಡಿಟ್ಟ ಅಚ್ಚು ಇದೆ. ರವಿವಾರ ರವಿವಾರ ಅಪ್ಪನ ಫೋನಿನಿಂದ ಮಾತಾಡುತ್ತಾನೆ, ಬ್ಯಾಟರಿ ಎಲ್ಲಿ ಇಟ್ಟಿದ್ದೀರಿ ಅಂತ ಮೊದಲು ಕೇಳುತ್ತಾನೆ. ಹೋದ ವಾರ ಪೈಲಟ್ ಹುಡುಗಿ, ನೀನಿರುವಲ್ಲಿಗೇ ತಂದು ಹಾರಿಸೋಣವಾ ಅಂತ ಕೇಳಿದಳು.

"ಇಲ್ಲಿ ಇಳಸಾಕ ಜಾಗಾನ ಇಲ್ಲ, ಎಲ್ಲಾ ಕಡೆ ಕಬ್ಬ ನಿಂತೈತಿ" ಅಂದ. "ತಡಿ, ನಾವು ಕಡದ ಮ್ಯಾಲ ಬೈಲ ಆಗತೈತಿ."